ಬಾಮೈದನ ಬೇಟೆ, ನನ್ನ ಟಾಯ್ಲೆಟ್ ಪೇಪರ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹೆಣ್ಣು ಕೊಟ್ಟ ಮಾವನ ಮನೆ ಇದ್ದರೆ ನವೆಂಬರ್ ಕೊನೆಯಲ್ಲಿ ಅಲ್ಲಿಗೆ ಹೋಗಬಾರದು. ಆದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವುದೂ ಆಗಲೇ, ಹೋಗದೆ ವಿಧಿಯಿಲ್ಲ. ಹಬ್ಬದ ಹಿಂದಿನ ಶನಿವಾರ ಶುರುವಾಗಿ 9 ದಿನ ಅಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಯಾಡುವ ಕಾಲ. ರಾಜ್ಯದಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ಪಡೆದು ಕಾಡಿಗೆ ನುಗ್ಗುತ್ತಾರೆ, ಮತ್ತು ಅವರಲ್ಲಿ ಅರ್ಧ ಜನ ನನ್ನ ಹೆಂಡತಿಯ ನೆಂಟರೇ ಇರಬೇಕು ಅಂತ ನನ್ನ ಅನುಮಾನ.

ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ಇರಬೇಕು ಅನ್ನುವುದು ಕಾನೂನು. ಜಿಂಕೆಗೆ ಆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಪಕ್ಕದ ಬೇಟೆಗಾರನಿಗೆ ಚೆನ್ನಾಗಿ ಕಾಣುತ್ತದೆ, ಅಷ್ಟೇ ಲೆಕ್ಕ. 2016ರಿಂದ ಅಚ್ಚ ಗುಲಾಬಿ ಬಣ್ಣವೂ ನಡೆಯುತ್ತದೆ. ಆ ಮನೆಯಲ್ಲಿ ಯಾರೂ ಮುಟ್ಟದ ಒಂದು ಗುಲಾಬಿ ಕೋಟು ಇದೆ. ಅದು ಅಳಿಯನ ಕೋಟು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ತೀರ್ಥಹಳ್ಳಿ ಕಡೆಯವರು ನಾವು. ಅಜ್ಜನ ಕಾಲದ ಶಿಕಾರಿ ಕಥೆಗಳನ್ನು ಕೇಳಿಯೇ ಬೆಳೆದದ್ದು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಥೆಗಳನ್ನು ಹೇಳುವಾಗ ದನಿ ಸ್ವಲ್ಪ ಇಳಿಸುತ್ತಿದ್ದರು. "ಜಿಂಕೆನಾ? ಪೊಲೀಸರು ಹಿಡಿಯಲ್ವೇನೋ?" ಅಂದರು ಅಮ್ಮ. ಇಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಂಡತಿ ಮನೇಲಿರ್ಲಿ, ನೀನು ಜಿಂಕೆ ಹಿಂದೆ ಹೋಗು ಅಂತ ಯಾರಾದ್ರೂ ಅಂದ್ರೆ ಹೋಗ್ಬೇಡ, ಹಿಂದೆ ಹಾಗೆ ಹೋದವರ ಗತಿ ಏನಾಯ್ತು ಗೊತ್ತಲ್ಲ" ಅಂದು ಫೋನಿಟ್ಟರು.

ನನ್ನ ಹತ್ತಿರ ಲೈಸೆನ್ಸೂ ಇಲ್ಲ, ಕೋವಿಯೂ ಇಲ್ಲ. ನನ್ನ ಕೆಲಸ ಶುರುವಾಗುವುದೇ ಈಡು ಬಿದ್ದ ಮೇಲೆ. ಬೇಟೆ ಅಂದರೆ ಗುಂಡು ಹಾರಿಸುವುದು ಅಂತ ಹೊರಗಿನವರು ತಿಳಿದುಕೊಂಡಿರುತ್ತಾರೆ. ಅದು ಅರೆಕ್ಷಣದ ಕೆಲಸ. ಗುಂಡು ತಿಂದ ಜಿಂಕೆ ಬಹಳ ಸಲ ನಿಂತಲ್ಲೇ ಬೀಳುವುದಿಲ್ಲ, ಓಡುತ್ತದೆ. ಅದನ್ನು ಹುಡುಕದೆ ಬಿಡುವುದು ಆ ಮನೆಯಲ್ಲಿ ಮಹಾಪಾಪ. ಇದೊಂದು ವಿಷಯದಲ್ಲಿ ನನಗೆ ಅವರ ಮೇಲೆ ನಿಜವಾದ ಗೌರವ ಇದೆ, ಇಲ್ಲದಿದ್ದರೆ ಆ ಚಳಿಯಲ್ಲಿ ಗುಲಾಬಿ ಕೋಟು ಹಾಕಿಕೊಂಡು ಯಾರು ಹೋಗುತ್ತಾರೆ?

ಹುಡುಕುವುದಕ್ಕೂ ಒಂದು ಶಾಸ್ತ್ರವಿದೆ. ಮಾವ ಅದರಲ್ಲಿ ಪಂಡಿತರು. ತಿಳಿಗೆಂಪು ರಕ್ತ, ಅದರಲ್ಲಿ ನೊರೆ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಅರ್ಧ ಗಂಟೆ ಬಿಟ್ಟು ಹೋದರೆ ಹತ್ತಿರದಲ್ಲೇ ಸಿಗುತ್ತದೆ. ಕಡುಗೆಂಪಾದರೆ ಪಿತ್ತಜನಕಾಂಗ, ಕೆಲವು ಗಂಟೆ ಕಾಯಬೇಕು. ಹಸಿರು ಬೆರೆತು ನಾತ ಹೊಡೆದರೆ ಹೊಟ್ಟೆ, ಆಗ ಮರುದಿನ ಬೆಳಗಿನವರೆಗೂ ಕಾಯುವುದಿದೆ. ಅವಸರಪಟ್ಟು ಬೆನ್ನು ಹತ್ತಿದರೆ ಮಲಗಿದ್ದ ಪ್ರಾಣಿ ಎದ್ದು ಇನ್ನೂ ದೂರ ಹೋಗುತ್ತದೆ. ರೆಸ್ಟೋರೆಂಟಿನಲ್ಲಿ ಕಾಫಿ ಐದು ನಿಮಿಷ ತಡವಾದರೆ ಎದ್ದು ಹೋಗುವ ಮಾವ, ಜಿಂಕೆಗಾಗಿ ಮರದ ಬುಡದಲ್ಲಿ ಗಂಟೆಗಟ್ಟಲೆ ಕೂರುತ್ತಾರೆ.

ಆ ಸಂಜೆ ಅಟ್ಟಣಿಗೆ ಮೇಲಿಂದ ಬಾಮೈದ ಈಡು ಹೊಡೆದ. "ಎದೆಗೇ ಬಿತ್ತು" ಅಂದ. ಅವನು ಹಾರಿಸಿದ ಗುಂಡು ಎದೆಗಲ್ಲದೆ ಬೇರೆಲ್ಲೂ ಬಿದ್ದ ಚರಿತ್ರೆ ಇಲ್ಲ, ಅವನ ಪ್ರಕಾರ. ಕತ್ತಲಾದ ಮೇಲೆ ಕೋವಿಗಳನ್ನು ಮನೆಯಲ್ಲಿಟ್ಟು, ಟಾರ್ಚ್ ಹಿಡಿದು ಹೊರಟೆವು. ನನ್ನ ಕೈಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿ. ರಕ್ತದ ಹನಿ ಕಂಡಲ್ಲೆಲ್ಲ ಒಂದು ಚೂರು ಹರಿದು ಪಕ್ಕದ ಕಡ್ಡಿಗೆ ಸಿಕ್ಕಿಸಬೇಕು. ಹಿಂತಿರುಗಿ ನೋಡಿದರೆ ಪ್ರಾಣಿ ಯಾವ ದಿಕ್ಕಿಗೆ ಹೋಗಿದೆ ಅಂತ ಬಿಳಿ ಚುಕ್ಕಿಗಳ ಸಾಲೇ ಹೇಳುತ್ತದೆ. ಮಳೆ ಬಂದರೆ ತಾನಾಗಿ ಕರಗುತ್ತದೆ ಅನ್ನುವುದು ಇನ್ನೊಂದು ಅನುಕೂಲ.

ಕಷ್ಟ ಏನೆಂದರೆ ನವೆಂಬರ್‌ನಲ್ಲಿ ಅಲ್ಲಿನ ಎಲೆಗಳೆಲ್ಲ ರಕ್ತದ ಬಣ್ಣದವೇ. ಓಕ್ ಎಲೆ ಕೆಂಪು, ಮೇಪಲ್ ಎಲೆ ಮೇಲೆ ಕೆಂಪು ಚುಕ್ಕೆ. ನಾನು "ಇಲ್ಲಿ!" ಅಂತ ಕೂಗಿದಾಗಲೆಲ್ಲ ಮಾವ ಬಂದು ಬಾಟಲಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ಚಿಮುಕಿಸಿ ನೋಡುತ್ತಿದ್ದರು. ರಕ್ತವಾದರೆ ಬುರುಬುರು ನೊರೆ ಬರಬೇಕು. ಬರುತ್ತಿರಲಿಲ್ಲ. ಮಾವ ಏನೂ ಅನ್ನದೆ ಮುಂದೆ ಹೋಗುತ್ತಿದ್ದರು, ಅದು ಇನ್ನೂ ಹಿಂಸೆ.

ಹೊಲದ ಅಂಚಿನ ಮುಳ್ಳುತಂತಿ ಬೇಲಿ ಹತ್ತಿರ ಜಾಡು ನಿಂತೇ ಹೋಯಿತು. ಆಚೆಯದು ಪಕ್ಕದವರ ಜಮೀನು, ಕೇಳದೆ ಕಾಲಿಡುವ ಹಾಗಿಲ್ಲ. ಪಕ್ಕದವರಿಗೂ ಮಾವನಿಗೂ ಒಂದು ಓಕ್ ಮರದ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ನನ್ನ ಹೆಂಡತಿ ಫೋನ್ ಮಾಡಿ, ಹವಾಮಾನ, ಸೊಂಟನೋವು, ಮೊಮ್ಮಕ್ಕಳು ಎಲ್ಲ ವಿಚಾರಿಸಿ ಕೊನೆಗೆ ಜಿಂಕೆ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಕಾಲ್ಬೆರಳು ಮರಗಟ್ಟಿತ್ತು. ಒಪ್ಪಿಗೆ ಸಿಕ್ಕಿತು. ಎಲ್ಲರೂ ಬೇಲಿ ದಾಟಿದೆವು.

ದಾಟಿದ್ದೇ ತಡ, ರಕ್ತವೋ ರಕ್ತ! ಹುಲ್ಲಿನ ಮೇಲೆ, ಒಣ ಎಲೆ ಮೇಲೆ, ದೊಡ್ಡ ದೊಡ್ಡ ಹನಿ. ಪೆರಾಕ್ಸೈಡ್ ಹಾಕಿದರೆ ದೀಪಾವಳಿ ಹೂಕುಂಡದ ಹಾಗೆ ನೊರೆ ಎದ್ದಿತು. "ತಿಳಿಗೆಂಪು, ಶ್ವಾಸಕೋಶವೇ ಇರಬೇಕು" ಅಂದರು ಮಾವ. "ಹೇಳಲಿಲ್ವಾ!" ಅಂದ ಬಾಮೈದ. ನಾನು ಸುರುಳಿ ಬಿಚ್ಚಿಕೊಂಡು ಹಿಂದೆ ಹಿಂದೆ ಓಡಿದೆ. ಜಾಡು ಬಲಕ್ಕೆ ತಿರುಗಿತು, ಒಂದು ಬಂಡೆ ಸುತ್ತಿತು, ಮತ್ತೆ ಬೇಲಿ ಹತ್ತಿರವೇ ಬಂದು, ಬಾಮೈದ ಟಾರ್ಚ್ ಹಿಡಿದು ನಿಂತಿದ್ದ ಕಡೆ ಮುಗಿಯಿತು. ಅಲ್ಲಿ ರಕ್ತ ಇನ್ನೂ ತೊಟ್ಟಿಕ್ಕುತ್ತಲೇ ಇತ್ತು.

ಬೇಲಿ ದಾಟುವಾಗ ಮುಳ್ಳುತಂತಿ ಅವನ ಅಂಗೈ ಸೀಳಿತ್ತು. ಚಳಿಗೆ ಕೈ ಜೋಮು ಹಿಡಿದಿದ್ದರಿಂದ ಗೊತ್ತೇ ಆಗಿರಲಿಲ್ಲ. ಅಷ್ಟು ಹೊತ್ತು ನಾವೆಲ್ಲ ಸೇರಿ ಶಾಸ್ತ್ರೋಕ್ತವಾಗಿ ಬೇಟೆಯಾಡಿದ್ದು ಅವನನ್ನೇ. ಮಾವ ಅವನ ಅಂಗೈಗೆ ಟಾರ್ಚ್ ಬಿಟ್ಟು ನೋಡಿ, "ಅರ್ಧ ಗಂಟೆ ಕಾಯೋಣ್ವಾ?" ಅಂದರು. ಅವರು ಜೋಕು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಟಾಯ್ಲೆಟ್ ಪೇಪರ್ ಬಾಕಿಯೆಲ್ಲ ಅವನ ಕೈಗೇ ಸುತ್ತಿದೆವು.

ಬೆಳಗ್ಗೆ ಬೇಲಿಯ ಈಚೆ ಬದಿಯ ಕೊನೆಯ ಚೂರಿನಿಂದ ಮತ್ತೆ ಶುರು ಮಾಡಿದರು. ಜಿಂಕೆ ಬೇಲಿ ದಾಟಿಯೇ ಇರಲಿಲ್ಲ. ಎಡಕ್ಕೆ ತಿರುಗಿ ಜೌಗಿನ ಹುಲ್ಲಿನಲ್ಲಿ ಬಿದ್ದಿತ್ತು, ಏಟು ನಿಜವಾಗಿಯೂ ಎದೆಗೇ. ಆನ್‌ಲೈನಿನಲ್ಲಿ ನೋಂದಾಯಿಸಿ, ತಲೆಯನ್ನು ಪರೀಕ್ಷೆಗೆ ಕಳಿಸಿದರು. 2002ರಲ್ಲಿ ಆ ರಾಜ್ಯದ ಜಿಂಕೆಗಳಲ್ಲಿ ಮಿದುಳು ತಿನ್ನುವ ಒಂದು ರೋಗ ಕಾಣಿಸಿಕೊಂಡಿತು, ಆಮೇಲಿಂದ ವರದಿ ಬರುವ ತನಕ ಮಾವ ಮಾಂಸಕ್ಕೆ ಕೈ ಹಚ್ಚುವುದಿಲ್ಲ.

ಹಬ್ಬದ ಊಟಕ್ಕೆ ಪಕ್ಕದವರೂ ಬಂದಿದ್ದರು. ಓಕ್ ಮರದ ಸುದ್ದಿ ಯಾರೂ ಎತ್ತಲಿಲ್ಲ. ಬಾಮೈದ ಬ್ಯಾಂಡೇಜ್ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ಬೇಟೆಯ ಕಥೆ ಹೇಳುತ್ತಿದ್ದ. ಆ ಕಥೆಯಲ್ಲಿ ಬೇಲಿಯೇ ಬರಲಿಲ್ಲ. ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದಾಗ ಅತ್ತೆ ಆಲೂಗಡ್ಡೆ ಬಡಿಸುತ್ತಾ ಜೋರಾಗಿ ಕೇಳಿದರು: "ಟೆಟನಸ್ ಇಂಜೆಕ್ಷನ್ ಹಾಕಿಸ್ಕೊಂಡ್ಯೇನೋ?"