ಒಳಗೋಡೆಯ ನೀಲಿ ಮನೆಯ ಸೆಕೆ ಇಳಿಸುವುದಿಲ್ಲ

ಒಳಗೋಡೆಗೆ ತಿಳಿನೀಲಿ ಬಳಿದರೆ ಕೋಣೆಯ ಉಷ್ಣಾಂಶ 5 ಡಿಗ್ರಿ ಇಳಿಯುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ನಿಜವಲ್ಲ. ತಂಪು ಬಣ್ಣ ತಂಪೆನಿಸುವುದು ಕಣ್ಣಿಗೆ ಮಾತ್ರ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಾರಸಿ ಮನೆ ಕಾಯುವುದು ಹೆಚ್ಚಾಗಿ ಮೇಲಿನಿಂದಲೇ. ತಾರಸಿಯ ಮೇಲ್ಭಾಗಕ್ಕೆ ಬಿಳಿ ಸುಣ್ಣವನ್ನೋ ಬಿಸಿಲು ಪ್ರತಿಫಲಿಸುವ ಬಿಳಿ ಲೇಪನವನ್ನೋ ಹಚ್ಚಿ. ವ್ಯತ್ಯಾಸ ಬರಿಗಾಲಿಗೇ ಗೊತ್ತಾಗುತ್ತದೆ. ಹೊರಗೋಡೆಯಲ್ಲೂ ಮುಖ್ಯವಾಗುವುದು ಬಣ್ಣ ಎಷ್ಟು ತಿಳಿ ಎಂಬುದು. ಕಡುನೀಲಿಗಿಂತ ತಿಳಿಹಳದಿ ಕಡಿಮೆ ಶಾಖ ಹೀರುತ್ತದೆ, ಹಳದಿಯನ್ನು ಬಿಸಿ ಬಣ್ಣವೆಂದು ಕರೆದರೂ.

ಹಾಗೆಂದು ನೀಲಿ ಬೇಡ ಎನ್ನುತ್ತಿಲ್ಲ. ಮಲಗುವ ಕೋಣೆಗೆ ಬೂದು ಬೆರೆತ ತಿಳಿನೀಲಿ ನನಗೆ ಬಹಳ ಇಷ್ಟ. ಸಂಜೆಬಿಸಿಲು ಬೀಳುವ ಕಡೆ ಕಣ್ಣಿಗೆ ನಿಜಕ್ಕೂ ಹಿತ. ಉತ್ತರದ ಕಿಟಕಿಯೊಂದೇ ಇದ್ದರೆ ಅದೇ ಬಣ್ಣ ಮಂಕಾಗಬಹುದು. ಗೋಡೆಯ ಮೇಲೆ ಸ್ವಲ್ಪ ಬಳಿದು, ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ, ಆಮೇಲೆ ಡಬ್ಬ ಕೊಳ್ಳಿ.