ಬಾರದವರೆಲ್ಲ ಕೈ ಎತ್ತಿ!

ಸಾರ್ವಜನಿಕ ಗ್ರಂಥಾಲಯಗಳಿಗೆ ಈಚೆಗೆ ಹೊಸ ಚಿಂತೆ ಹತ್ತಿದೆ. ವಲಸೆ ಕಾರ್ಮಿಕರು, ಅಂಗವಿಕಲರು, ಹದಿಹರೆಯದವರು, ಒಂಟಿ ವೃದ್ಧರು ಯಾಕೆ ಇತ್ತ ತಲೆ ಹಾಕುತ್ತಿಲ್ಲ? ಸಮಿತಿ ಕೂತಿತು, ಸಮೀಕ್ಷೆ ಮಾಡಲೇಬೇಕೆಂದು ನಿರ್ಣಯವಾಯಿತು, ನಮೂನೆಗಳು ಅಚ್ಚಾದವು. ಅವನ್ನು ಇಟ್ಟದ್ದೆಲ್ಲಿ? ಗ್ರಂಥಾಲಯದ ಒಳಗೆ, ಕೌಂಟರಿನ ಮೇಲೆ, ದಾರ ಕಟ್ಟಿದ ಪೆನ್ನಿನ ಪಕ್ಕದಲ್ಲಿ.

ಮೊದಲ ಪ್ರಶ್ನೆ: 'ನೀವು ಗ್ರಂಥಾಲಯಕ್ಕೆ ಎಷ್ಟು ಸಲ ಬರುತ್ತೀರಿ?' ಕೊಟ್ಟ ಆಯ್ಕೆಗಳಲ್ಲಿ ಕೊನೆಯದು 'ಬರುವುದೇ ಇಲ್ಲ'. ಅದಕ್ಕೆ ಒಬ್ಬರೂ ಗುರುತು ಹಾಕಲಿಲ್ಲ. ಹೀಗಾಗಿ ಗ್ರಂಥಾಲಯಕ್ಕೆ ಬಾರದವರು ಊರಲ್ಲಿ ಯಾರೂ ಇಲ್ಲ ಎಂಬ ಸಂತೋಷದ ಸಂಗತಿ ಅಂಕಿಅಂಶ ಸಮೇತ ಸಾಬೀತಾಯಿತು. ನಮೂನೆ ತುಂಬಿದವರು ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತು, ಪತ್ರಿಕೆಯ ಕ್ರೀಡಾಪುಟಕ್ಕಾಗಿ ಪೈಪೋಟಿ ನಡೆಸುವ ಹಿರಿಯರು. ಅವರ ಬೇಡಿಕೆ ಸ್ಪಷ್ಟವಾಗಿತ್ತು: ಪತ್ರಿಕೆ ಮೇಜಿನ ಮೇಲೆ ಇನ್ನೊಂದು ಫ್ಯಾನು. ವಲಸಿಗರನ್ನು ತಲುಪುವ ಯೋಜನೆಯ ಮೊದಲ ಹಂತವಾಗಿ ಅದು ಈಗ ತಿರುಗುತ್ತಿದೆ.

ಇದಕ್ಕೂ ಪೂರ್ವಸೂರಿಗಳಿದ್ದಾರೆ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು 1 ಕೋಟಿ ಜನರಿಗೆ 'ನಿಮ್ಮ ಮತ ಯಾರಿಗೆ?' ಎಂದು ಕೇಳುವ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಗುಡ್ಡೆಹಾಕಿಕೊಂಡು, ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತ್ತು. ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಬಾಚಿಕೊಂಡರು. ಚೀಟಿಗೆ ವಿಳಾಸ ಹೆಕ್ಕಿದ್ದು ಬಹುಪಾಲು ಫೋನು ಮತ್ತು ಕಾರು ಇದ್ದವರ ಪಟ್ಟಿಯಿಂದ. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ಅವೆರಡೂ ಇಲ್ಲದವರಿಗೆ ಮತವಂತೂ ಇತ್ತು. ಎರಡು ವರ್ಷದಲ್ಲಿ ಪತ್ರಿಕೆಯೇ ಮುಚ್ಚಿತು. ಪಾಪ, ಅವರು ಅಂಚೆಗೆ ದುಡ್ಡು ಸುರಿದು ತಪ್ಪು ಮಾಡಿದರು. ನಮ್ಮ ಸಮಿತಿಗೆ ಅದೇ ಫಲ ಕೂತ ಕುರ್ಚಿ ಬಿಡದೆ ದಕ್ಕಿದೆ.

ಮುಂದಿನದು 'ನೇರ ಸಂವಾದ'. ಕೂಲಿಕಾರರೊಂದಿಗೆ ಮುಕ್ತ ಮಾತುಕತೆ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಾಲಿಕುರ್ಚಿ ಬಳಸುವವರಿಗೆ ವಿಶೇಷ ಶಿಬಿರ, ಎರಡನೇ ಮಹಡಿಯಲ್ಲಿ, ಲಿಫ್ಟು ದುರಸ್ತಿಯಲ್ಲಿದೆ. ಯುವಜನರ ಅಭಿರುಚಿಯ ಕುರಿತು ನಾಲ್ವರು ನಿವೃತ್ತರು ಇಡೀ ಮಧ್ಯಾಹ್ನ ಚರ್ಚಿಸಿ, ಯುವಜನರಿಗೆ ಅಭಿರುಚಿಯಿಲ್ಲ ಎಂಬ ಒಮ್ಮತಕ್ಕೆ ಬಂದರು. ಇನ್ನು ಸದಸ್ಯತ್ವ: ಕೆಲಸ ಸಿಕ್ಕಿದಲ್ಲಿ ಬಿಡಾರ ಹೂಡುವವನಿಗೆ ಖಾಯಂ ವಿಳಾಸದ ದಾಖಲೆ ಕಡ್ಡಾಯ. ಅವನು ಬರಲಿಲ್ಲ. 'ಓದುವ ಹವ್ಯಾಸದ ಕೊರತೆ' ಎಂದು ಷರಾ ಬಿತ್ತು.

ಷಿಕಾಗೊ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ ತಡ ಮಾಡಿದ್ದಕ್ಕೆ ಹಾಕುತ್ತಿದ್ದ ದಂಡವನ್ನೇ ರದ್ದು ಮಾಡಿತು. ವರ್ಷಗಟ್ಟಲೆ ಮನೆಯಲ್ಲಿ ಅಡಗಿದ್ದ ಪುಸ್ತಕಗಳು ವಾಪಸು ಬರತೊಡಗಿದವು. ದಂಡಕ್ಕೆ ಹೆದರಿ ದೂರವಿದ್ದವರೂ ಅವುಗಳ ಜೊತೆಗೆ ಬಂದರು. ನಮ್ಮ ಸಮಿತಿ ಇದನ್ನು ಗಂಭೀರವಾಗಿ ಪರಿಶೀಲಿಸಿ, ದಂಡದ ಪಟ್ಟಿಯನ್ನು ಐದು ಭಾಷೆಗಳಿಗೆ ಅನುವಾದಿಸಲು ತೀರ್ಮಾನಿಸಿದೆ. ಪುಸ್ತಕಗಳು ಮಾತ್ರ ಒಂದೇ ಭಾಷೆಯಲ್ಲಿವೆ.

ಹೊಸದಾಗಿ ಸೇರಿದ ಸಹಾಯಕಿಯೊಬ್ಬಳು ಎದ್ದು ನಿಂತು ಒಂದು ಮಾತು ಹೇಳಿದಳಂತೆ: "ಸಾರ್, ಪಾಳಿ ಬಿಡುವ ಹೊತ್ತಿಗೆ ನಾವೇ ಅವರಿದ್ದಲ್ಲಿಗೆ ಹೋಗಿ ಕೂತರೆ? ಕ್ಷೌರದಂಗಡಿಯವರನ್ನು, ಆಸ್ಪತ್ರೆಯ ನರ್ಸನ್ನು, ಸಂಘದ ಮುಖಂಡರನ್ನು ಕೇಳಿದರೆ ಯಾರಿಗೆ ಏನು ಬೇಕು ಅಂತ ಹೇಳ್ತಾರೆ. ಅರ್ಜಿ ಬರೆಯೋದಕ್ಕೆ ಸಹಾಯ ಬೇಕಿರಬಹುದು, ಮಕ್ಕಳಿಗೆ ತಮ್ಮ ಭಾಷೆಯ ಕತೆಪುಸ್ತಕ ಬೇಕಿರಬಹುದು."

ಸಭೆಯಲ್ಲಿ ಮೌನ. ಮೌನ ಸಾಮಾನ್ಯವಾಗಿ ಗ್ರಂಥಾಲಯ ಮೆಚ್ಚುವಂಥದ್ದೇ, ಆದರೆ ಇದು ಬೇರೆ ಬಗೆಯದು. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು: "ನೋಡಮ್ಮಾ, ಅದು ಹರಟೆ ಆಗುತ್ತೆ, ಅಧ್ಯಯನ ಆಗಲ್ಲ. ಅಲ್ಲದೆ ಹರಟೆಗೆ ಪ್ರಯಾಣ ಭತ್ಯೆ ಕೊಡೋಕೆ ಲೆಕ್ಕಶೀರ್ಷಿಕೆ ಇಲ್ಲ."

ಯುನೆಸ್ಕೊ ಮತ್ತು ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟದ 1994ರ ಪ್ರಣಾಳಿಕೆ, ಮಾಮೂಲಿ ಸೇವೆ ಬಳಸಲಾಗದ ಭಾಷಾ ಅಲ್ಪಸಂಖ್ಯಾತರು, ಅಂಗವಿಕಲರು, ಆಸ್ಪತ್ರೆ ಮತ್ತು ಜೈಲಿನಲ್ಲಿರುವವರಿಗೆ ವಿಶೇಷ ಸೇವೆ ಕೊಡಬೇಕೆನ್ನುತ್ತದೆ. ಸಮಿತಿ ಅದನ್ನು ವರದಿಯ ಮೊದಲ ಪುಟದಲ್ಲೇ ಅಚ್ಚುಕಟ್ಟಾಗಿ ಮುದ್ರಿಸಿದೆ. ಒಟ್ಟು ಇನ್ನೂರು ಪುಟ, ಗಟ್ಟಿ ರಟ್ಟು. ಆಸಕ್ತ ವಲಸಿಗರು ರೆಫರೆನ್ಸ್ ವಿಭಾಗದಲ್ಲಿ ಓದಬಹುದು, ಸದಸ್ಯತ್ವದ ಕಾರ್ಡ್ ತೋರಿಸಿ. ಮನೆಗೆ ಕೊಡುವುದಿಲ್ಲ.