ರೈಲು ಓಡಿಸುವುದೊಂದನ್ನು ಬಿಟ್ಟು ಎಲ್ಲಾ ಮಾಡಿದ ರೈಲು ಕಂಪನಿ

ಸೊರಗಿದ ಎರಡು ಕಂಪನಿಗಳನ್ನು ಸೇರಿಸಿಬಿಟ್ಟರೆ ಒಂದು ಗಟ್ಟಿಮುಟ್ಟಾದ ಕಂಪನಿ ಸಿಗುತ್ತದೆ. ಈ ಲೆಕ್ಕ ನಿಮ್ಮ ತಲೆಗೆ ಹೋಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ಭಾರೀ ಬುದ್ಧಿವಂತರು ಹತ್ತು ವರ್ಷ ಕೂತು ಮಾತಾಡಿ, ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಒಪ್ಪಿಗೆ ತಂದ ಲೆಕ್ಕ ಅದು.

ಒಂದು ಕಡೆ ಪೆನ್ಸಿಲ್ವೇನಿಯಾ ರೈಲ್‌ರೋಡ್, ಇನ್ನೊಂದು ಕಡೆ ನ್ಯೂಯಾರ್ಕ್ ಸೆಂಟ್ರಲ್, ಎರಡೂ ಅಮೆರಿಕದ ರೈಲು ಕಂಪನಿಗಳು. ನೂರು ವರ್ಷದ ಹಗೆ. ಹೆದ್ದಾರಿ ಬಂದು, ಲಾರಿ ಬಂದು ಇಬ್ಬರ ಹೊಟ್ಟೆಗೂ ಹೊಡೆದ ಮೇಲೆ 1968ರ ಫೆಬ್ರವರಿ 1ರಂದು ಇಬ್ಬರೂ ಸೇರಿ ಪೆನ್ ಸೆಂಟ್ರಲ್ ಆದರು. ಸಾಲದಲ್ಲಿದ್ದ ಎರಡು ಮನೆಯವರು ಬೀಗರಾದ ಹಾಗೆ. ಸುಮಾರು 20,000 ಮೈಲಿ ಹಳಿ! ಆದರೆ ಒಳಗೆ ಪೆನ್ಸಿಲ್ವೇನಿಯಾದವರು ಕೆಂಪು ತಂಡ, ಸೆಂಟ್ರಲ್‌ನವರು ಹಸಿರು ತಂಡ. ಅಧ್ಯಕ್ಷ ಸ್ಟುವರ್ಟ್ ಸಾಂಡರ್ಸ್ ವಕೀಲ, ಎರಡನೆಯವನಾದ ಆಲ್ಫ್ರೆಡ್ ಪರ್ಲ್‌ಮನ್ ಪಕ್ಕಾ ರೈಲು ಮನುಷ್ಯ, ಮೊದಲಿಂದಲೂ ಅವನಿಗೆ ಈ ಸಂಬಂಧವೇ ಇಷ್ಟವಿರಲಿಲ್ಲ. ಇನ್ನು ಹಣಕಾಸು ನೋಡುತ್ತಿದ್ದ ಡೇವಿಡ್ ಬೆವನ್‌ಗೂ ಸಾಂಡರ್ಸ್‌ಗೂ ಆಗುತ್ತಿರಲಿಲ್ಲ. ಇಷ್ಟು ಸಾಲದು ಅಂತ ಎರಡು ಕಂಪನಿಯ ಕಂಪ್ಯೂಟರ್‌ಗಳೂ ಪರಸ್ಪರ ಮಾತು ಬಿಟ್ಟಿದ್ದವು.

ಹಾಗಾಗಿ ಬೋಗಿಗಳು ಎಲ್ಲಿವೆ ಅಂತ ಬೋಗಿಯ ಒಡೆಯರಿಗೇ ಗೊತ್ತಾಗುತ್ತಿರಲಿಲ್ಲ. ಬೋಗಿ ಒಂದು ಯಾರ್ಡ್‌ಗೆ, ಅದರ ಕಾಗದ ಇನ್ನೊಂದು ಯಾರ್ಡ್‌ಗೆ. ಮೇಯ್ನ್ ರಾಜ್ಯದ ರೈತರು ಕಳಿಸಿದ ಆಲೂಗಡ್ಡೆ ನ್ಯೂಯಾರ್ಕ್‌ನ ಸೆಲ್ಕರ್ಕ್ ಯಾರ್ಡ್‌ನಲ್ಲಿ ಚಳಿಗಾಲದಲ್ಲಿ ಸುಮ್ನೆ ಕೂತು ಹಾಳಾಯಿತು. ರೈತರು ಕೈಮುಗಿದು ಲಾರಿ ಹತ್ತಿಸಿದರು. ಲಾರಿಯನ್ನು ಎದುರಿಸಲು ತಾನೇ ಇಷ್ಟೆಲ್ಲಾ ಮಾಡಿದ್ದು?

ಇಂಥ ಹೊತ್ತಿನಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಹಳಿ ರಿಪೇರಿ ಮಾಡಿಸುತ್ತಾನೆ, ಅಲ್ವಾ? ಅದಕ್ಕೇ ಅವನು ಸಾಮಾನ್ಯ ಮನುಷ್ಯ. ಪೆನ್ಸಿಲ್ವೇನಿಯಾದವರು ಅದಕ್ಕೆ ಮೊದಲೇ ಫ್ಲಾರಿಡಾದಲ್ಲಿ ಜಮೀನಿಗೆ, ತೈಲದ ಪೈಪ್‌ಲೈನಿಗೆ, ಸಿಕ್ಸ್ ಫ್ಲ್ಯಾಗ್ಸ್ ಮನರಂಜನಾ ಪಾರ್ಕಿಗೆ ದುಡ್ಡು ಸುರಿದಿದ್ದರು. ಹೌದು, ಜಾರುಬಂಡಿ, ಗಿರಗಿಟ್ಲೆ ಇರುವ ಪಾರ್ಕು. ರೈಲು ಕಂಪನಿ ವಿಮಾನ ಕಂಪನಿ ನಡೆಸುವ ಹಾಗಿಲ್ಲ ಅಂತ ಕಾನೂನು ಇದ್ದರೂ ಎಕ್ಸಿಕ್ಯೂಟಿವ್ ಜೆಟ್ ಅನ್ನುವ ವಿಮಾನ ಕಂಪನಿಗೆ ಬಳಸು ದಾರಿಯಲ್ಲಿ ಎರಡು ಕೋಟಿ ಡಾಲರ್‌ಗೂ ಜಾಸ್ತಿ ಹಾಕಿ, ಕೊನೆಗೆ ದಂಡ ಕಟ್ಟಿದರು. ರೈಲು ನಷ್ಟದಲ್ಲಿದ್ದರೂ ಷೇರುದಾರರಿಗೆ ಡಿವಿಡೆಂಡ್, ಅಂದರೆ ಲಾಭದ ಪಾಲು, ಮಾತ್ರ ತಪ್ಪಿಸುವಂತಿಲ್ಲ, ಪೆನ್ಸಿಲ್ವೇನಿಯಾ ಮನೆತನದಲ್ಲಿ ನೂರು ವರ್ಷಕ್ಕೂ ಮೀರಿ ನಡೆದು ಬಂದ ಸಂಪ್ರದಾಯ ಅದು. ಸಾಲ ಮಾಡಿಯಾದರೂ ತುಪ್ಪ ತಿನ್ನಿಸಿದರು.

ಸರ್ಕಾರವೇನೂ ಕಮ್ಮಿಯಿರಲಿಲ್ಲ. ನಷ್ಟದ ರೈಲು ನಿಲ್ಲಿಸಬೇಕೆಂದರೆ ಅದರ ಅಪ್ಪಣೆ ಬೇಕು. ಜೊತೆಗೆ, ಆಗಲೇ ದಿವಾಳಿಯಾಗಿದ್ದ ನ್ಯೂ ಹೇವನ್ ರೈಲ್‌ರೋಡನ್ನೂ ಸೇರಿಸಿಕೊಂಡರೆ ಮಾತ್ರ ಮದುವೆಗೆ ಒಪ್ಪಿಗೆ ಅಂದಿತು.

1970ರ ಜೂನ್ 8ರಂದು ಸಾಂಡರ್ಸ್, ಪರ್ಲ್‌ಮನ್, ಬೆವನ್ ಮೂವರನ್ನೂ ಮನೆಗೆ ಕಳಿಸಿದರು. ಸರ್ಕಾರ 20 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಲ್ಲಲು ಹೊರಟಿತ್ತು, ಅದೂ ರಕ್ಷಣಾ ಇಲಾಖೆಯ ಮೂಲಕ! ಆಲೂಗಡ್ಡೆ ತಲುಪಿಸಲಾಗದವರು ದೇಶ ಕಾಯುತ್ತಾರೆಂದು ಸಂಸತ್ತಿನವರು ನಂಬಲಿಲ್ಲ. ಜೂನ್ 21ಕ್ಕೆ ದಿವಾಳಿ, ಅಲ್ಲಿಯವರೆಗಿನ ಅಮೆರಿಕದ ಅತಿ ದೊಡ್ಡ ದಿವಾಳಿ. ಎರಡೂವರೆ ವರ್ಷವೂ ತುಂಬಿರಲಿಲ್ಲ.

1976ರಲ್ಲಿ ಹಳಿಗಳನ್ನು ಕಾನ್‌ರೈಲ್ ಎಂಬ ಸರ್ಕಾರಿ ಕಂಪನಿ ಎತ್ತಿಕೊಂಡು ಸರಿಮಾಡಿತು. 1999ರಲ್ಲಿ ಅದನ್ನು ಎರಡು ರೈಲು ಕಂಪನಿಗಳು ಹಂಚಿಕೊಂಡವು. ಹಳೆಯ ಪೆನ್ಸಿಲ್ವೇನಿಯಾದ ಹೆಚ್ಚಿನ ಹಳಿ ನಾರ್ಫೋಕ್ ಸದರ್ನ್‌ಗೆ, ಸೆಂಟ್ರಲ್‌ನದು ಸಿಎಸ್‌ಎಕ್ಸ್‌ಗೆ. ಅಂದರೆ ಮೊದಲು ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ.

ಹಳಿ ಕಳಕೊಂಡ ಪೆನ್ ಸೆಂಟ್ರಲ್ ಏನಾಯಿತು ಅಂತೀರಾ? ಚೆನ್ನಾಗಿ ಬದುಕಿತು. ಒಂದೇ ಒಂದು ರೈಲೂ ಇಲ್ಲದೆ 1978ರಲ್ಲಿ ದಿವಾಳಿಯಿಂದ ಎದ್ದು ಬಂತು, ಆಮೇಲೆ ವಿಮೆ ವ್ಯಾಪಾರಕ್ಕೆ ಇಳಿಯಿತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ 2006ರವರೆಗೂ ಆ ವಿಮೆಯವರ ಆಸ್ತಿಯಾಗಿಯೇ ಇತ್ತು.